ಮಳೆ ನೀರು ಟ್ಯಾಂಕಿಗೆ, ಬಚ್ಚಲ ನೀರು ಬಾಳೆಗೆ: ಎರಡನ್ನೂ ಒಂದೇ ಗುಂಡಿಗೆ ಬಿಡಬೇಡಿ

ಪ್ರಶ್ನೆ: ಚಿತ್ರದುರ್ಗದಲ್ಲಿ 30×50 ಸೈಟಿನಲ್ಲಿ ನಮ್ಮದು ಒಂದಂತಸ್ತಿನ ಆರ್‌ಸಿಸಿ ಮನೆ. ತಾರಸಿ ಸುಮಾರು 1000 ಚದರಡಿ ಇದೆ. ಮನೆಯಲ್ಲಿ ಐದು ಜನ. ನಲ್ಲಿ ನೀರು ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಂದರೆ ಹೆಚ್ಚು. ಬೋರ್‌ವೆಲ್ ಇದೆ, ಆದರೆ ಅದರಲ್ಲಿ ಫ್ಲೋರೈಡ್ ಜಾಸ್ತಿ ಎಂದು ಪರೀಕ್ಷೆಯಲ್ಲಿ ಬಂತು. ಕುಡಿಯಲು ಆರ್‌ಒ ಹಾಕಿಸಿದ್ದೇವೆ. ಅದರಿಂದ ಸುಮ್ನೆ ಹರಿದುಹೋಗುವ ನೀರು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೋರ್‌ವೆಲ್ ಪಕ್ಕದಲ್ಲೇ ಒಂದು ಇಂಗುಗುಂಡಿ ತೋಡಿ, ಮಳೆ ನೀರನ್ನೂ ಬಚ್ಚಲ ನೀರನ್ನೂ ಅದಕ್ಕೇ ಬಿಟ್ಟರೆ ಸಾಕು ಎನ್ನುತ್ತಾರೆ ಮೇಸ್ತ್ರಿ. ಹಿತ್ತಲಲ್ಲಿ ಒಂದು ತೆಂಗಿನ ಮರ, ನಾಲ್ಕು ಬಾಳೆ ಇವೆ. ಬಚ್ಚಲ ನೀರು ಬಿಟ್ಟರೆ ಗಿಡ ಸುಟ್ಟುಹೋಗುತ್ತದೆ ಎನ್ನುತ್ತಾರೆ ನಮ್ಮ ಅತ್ತೆ. ಏನು ಮಾಡಲಿ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ:

ಮೊದಲು ಮೇಸ್ತ್ರಿಗೆ ಫೋನ್ ಮಾಡಿ ಆ ಗುಂಡಿಯ ಕೆಲಸ ನಿಲ್ಲಿಸಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಮೇಸ್ತ್ರಿಯವರ ಉದ್ದೇಶ ಒಳ್ಳೆಯದೇ. ನೀರು ಚರಂಡಿಗೆ ಹೋಗದೆ ನೆಲಕ್ಕೆ ಇಂಗಲಿ ಎಂಬುದು ಅವರ ಆಲೋಚನೆ. ಆದರೆ ನಮ್ಮ ಭಾಗದ ನೆಲ ಹೇಗಿದೆ ನೋಡಿ. ಮೇಲೆ ಕೆಲವು ಅಡಿ ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಆಮೇಲೆ ಗಟ್ಟಿ ಬಂಡೆ. ಬೋರ್‌ವೆಲ್ ನೀರು ಬರುವುದು ಆ ಬಂಡೆಯ ಬಿರುಕುಗಳಿಂದ. ಮಣ್ಣು ನೀರನ್ನು ಸೋಸುತ್ತದೆ, ಬಿರುಕು ಸೋಸುವುದಿಲ್ಲ. ಆಳದ ಗುಂಡಿ ತೋಡಿ ಸೋಪಿನ ನೀರು ಬಿಟ್ಟರೆ, ಅದನ್ನು ಶುದ್ಧ ಮಾಡುವ ಮೇಲ್ಮಣ್ಣನ್ನು ದಾಟಿಸಿ ಸೀದಾ ಬಿರುಕಿಗೇ ಕೊಟ್ಟ ಹಾಗಾಗುತ್ತದೆ. ಅದೇ ನೀರು ನಿಮ್ಮ ಮೋಟರಿನಲ್ಲಿ ಮೇಲೆ ಬರುತ್ತದೆ. ಪಕ್ಕದ ಮನೆಯ ಬೋರಿಗೂ ಹೋಗುತ್ತದೆ. ಈಗಾಗಲೇ ಫ್ಲೋರೈಡ್ ಇರುವ ನೀರಿಗೆ ಬಚ್ಚಲಿನ ರೋಗಾಣುವನ್ನೂ ಸೇರಿಸುವುದು ಯಾಕೆ?

ನಾನು ಎಲ್ಲರಿಗೂ ಹೇಳುವ ಮಾತು ಒಂದೇ. ಮಳೆ ನೀರು ಅಕ್ಕಿಯ ಹಾಗೆ, ಕೂಡಿಟ್ಟು ತಿಂಗಳುಗಟ್ಟಲೆ ಬಳಸಬಹುದು. ಬಚ್ಚಲ ನೀರು ಅನ್ನದ ಹಾಗೆ, ಅವತ್ತಿನದು ಅವತ್ತೇ ಮುಗಿಯಬೇಕು. ಒಂದು ಮನೆಯ ಒಳಗೆ ಬರಬೇಕಾದ ನೀರು, ಇನ್ನೊಂದು ಹಿತ್ತಲಿಗೆ ಹೋಗಬೇಕಾದ ನೀರು. ಇವೆರಡು ಎಲ್ಲೂ, ಯಾವ ಪೈಪಿನಲ್ಲೂ, ಯಾವ ಗುಂಡಿಯಲ್ಲೂ ಸೇರಬಾರದು. ಇಷ್ಟು ಗಟ್ಟಿ ಮಾಡಿಕೊಂಡರೆ ಉಳಿದ ಕೆಲಸ ಕಷ್ಟವಲ್ಲ.

ಮಳೆಯಿಂದ ಶುರು ಮಾಡೋಣ. ಯಾಕೆಂದರೆ ನಿಮ್ಮ ಮನೆಗೆ ಅದರ ಬೆಲೆ ಬೇರೆ ಊರಿನವರಿಗಿಂತ ಜಾಸ್ತಿ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಸೈರಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಾದ ನೀರು ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮಕ್ಕಳ ಹಲ್ಲು ಕಲೆ ಬೀಳುತ್ತದೆ, ದೊಡ್ಡವರ ಕೀಲು ಮೂಳೆ ಬಿಗಿಯುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಇದಕ್ಕೆ ಕುದಿಸುವುದು ಪರಿಹಾರವಲ್ಲ. ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಇನ್ನೊಂದು ವಿಷಯ ಬಹಳ ಮನೆಗಳಲ್ಲಿ ಮರೆತುಹೋಗುತ್ತದೆ. ಕುಡಿಯಲು ಮಾತ್ರ ಆರ್‌ಒ ನೀರು, ಅನ್ನ ಸಾರು ಮಾಡಲು ಬೋರ್ ನೀರು. ಅನ್ನ ಬೆಂದ ನೀರೂ ಹೊಟ್ಟೆಗೇ ಹೋಗುವುದು, ಅಲ್ವಾ? ಅಡುಗೆಗೂ ಒಳ್ಳೆಯ ನೀರೇ ಬೇಕು.

ಈಗ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ 1000 ಚದರಡಿ ಅಂದರೆ ಸುಮಾರು 93 ಚದರ ಮೀಟರ್. ನಮ್ಮ ಜಿಲ್ಲೆಯ ವರ್ಷದ ಮಳೆ 550ರಿಂದ 600 ಮಿಲಿಮೀಟರ್ ಆಸುಪಾಸು. ತಾರಸಿ ಹೀರುವುದು, ಆವಿಯಾಗುವುದು, ಸಿಡಿದು ಹೋಗುವುದು ಕಳೆದು ನೂರಕ್ಕೆ 85 ಪಾಲು ಸಿಗುತ್ತದೆ ಎಂದುಕೊಂಡರೂ ವರ್ಷಕ್ಕೆ 42 ಸಾವಿರ ಲೀಟರ್ ದಾಟುತ್ತದೆ.

ಸರಾಸರಿಯನ್ನು ನಂಬಿ ಕೂರುವ ಹಾಗಿಲ್ಲ, ಅದೂ ನಿಜ. ನಮ್ಮ ಸೀಮೆಯ ಮಳೆ ಎಷ್ಟು ಏರುಪೇರು ಎಂಬುದಕ್ಕೆ ಹಿರಿಯೂರಿನ ಹತ್ತಿರದ ವಾಣಿ ವಿಲಾಸ ಸಾಗರವೇ ಸಾಕ್ಷಿ. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಹಾಗಾಗಿ ಕೆಟ್ಟ ವರ್ಷದ ಲೆಕ್ಕವನ್ನೂ ಹಾಕಿ ನೋಡಿ. ಮಳೆ 350 ಮಿಲಿಮೀಟರಿಗೆ ಇಳಿದರೂ ನಿಮ್ಮ ತಾರಸಿಯ ಮೇಲೆ 27 ಸಾವಿರ ಲೀಟರ್ ಸಿಗುತ್ತದೆ. ಐದು ಜನಕ್ಕೆ ಕುಡಿಯಲು, ಅಡುಗೆಗೆ ತಲಾ 6 ಲೀಟರ್ ಹಿಡಿದರೆ ದಿನಕ್ಕೆ 30 ಲೀಟರ್, ವರ್ಷಕ್ಕೆ 11 ಸಾವಿರ. ಅಂದರೆ ಬರಗಾಲದಲ್ಲೂ ನಿಮ್ಮ ಬಾಯಿಗೆ ಬೇಕಾದ ನೀರಿನ ಎರಡು ಪಟ್ಟಿಗಿಂತ ಜಾಸ್ತಿ ನೀರು ನಿಮ್ಮ ತಾರಸಿಯ ಮೇಲೆಯೇ ಬೀಳುತ್ತದೆ.

ಹಾಗಾದರೆ 40 ಸಾವಿರ ಲೀಟರಿನ ತೊಟ್ಟಿ ಕಟ್ಟಿಸಬೇಕಾ ಎಂದು ಗಾಬರಿಯಾಗಬೇಡಿ. ಬೇಕಿಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ. ಎಲ್ಲ ಮಳೆಯನ್ನೂ ಹಿಡಿಯಲು ಹೋಗಿ, ಖರ್ಚಿನ ಅಂದಾಜು ನೋಡಿ ಹೆದರಿ, ಕೊನೆಗೆ ಏನೂ ಮಾಡದೆ ಬಿಡುತ್ತಾರೆ. ನೀವು ಹಿಡಿಯಬೇಕಾದದ್ದು ಮಳೆಯಿಲ್ಲದ ದಿನಗಳಿಗೆ ಸಾಕಾಗುವಷ್ಟು ಮಾತ್ರ. ನಮ್ಮಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲ. ಆಮೇಲೆ ನವೆಂಬರಿನಿಂದ ಏಪ್ರಿಲ್‌ವರೆಗೆ ಹೆಚ್ಚು ಕಡಿಮೆ ಒಣ. ಐದೂವರೆ ತಿಂಗಳು ಎಂದರೆ 165 ದಿನ, ದಿನಕ್ಕೆ 30 ಲೀಟರ್, ಸುಮಾರು 5000 ಲೀಟರ್. ಅಷ್ಟೇ. 5000 ಅಥವಾ 6000 ಲೀಟರಿನ ಒಂದು ಟ್ಯಾಂಕ್ ಅಕ್ಟೋಬರ್ ಕೊನೆಗೆ ತುಂಬಿದ್ದರೆ ಏಪ್ರಿಲ್‌ವರೆಗೆ ಕುಡಿಯುವ ನೀರಿನ ಚಿಂತೆ ಇಲ್ಲ. 5000 ಲೀಟರ್ ತುಂಬಲು ನಿಮ್ಮ ತಾರಸಿಗೆ ಬೇಕಾದ್ದು 65 ಮಿಲಿಮೀಟರಿನಷ್ಟು ಮಳೆ. ಹಿಂಗಾರಿನ ಎರಡು ಮೂರು ಒಳ್ಳೆಯ ಮಳೆ ಬಿದ್ದರೆ ತುಂಬಿತು. ಮೊದಲ ವರ್ಷ ಮಧ್ಯದಲ್ಲಿ ಖಾಲಿಯಾದರೆ ಆರ್‌ಒ ಹೇಗೂ ಇದೆ.

ಈ ಟ್ಯಾಂಕ್ ನಿಮ್ಮ ಸಂಪಿನಿಂದ ಬೇರೆಯೇ ಇರಲಿ. ಮಳೆ ನೀರನ್ನು ಸಂಪಿಗೇ ಬಿಡಿ, ಅಲ್ಲಿ ಬೋರ್ ನೀರಿನ ಜೊತೆ ಬೆರೆತು ಫ್ಲೋರೈಡ್ ಕಡಿಮೆಯಾಗುತ್ತದೆ ಎಂದು ಹೇಳುವವರಿದ್ದಾರೆ. ಬೆರೆತಾಗ ಕಡಿಮೆಯಾಗುವುದು ನಿಜವೇ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರಿಗೆ ಅಷ್ಟೇ ಮಳೆ ನೀರು ಸೇರಿದರೆ 1.5 ಆಗುತ್ತದೆ. ಆದರೆ ಸಂಪಿನ ನೀರಿನಲ್ಲೇ ಬಟ್ಟೆ ಒಗೆಯುತ್ತೀರಿ, ಸ್ನಾನ ಮಾಡುತ್ತೀರಿ. ಚಿನ್ನದಂಥ ನೀರು ಹದಿನೈದು ದಿನದಲ್ಲಿ ಬಚ್ಚಲಿಗೆ ಹೋಗುತ್ತದೆ. ಮೊದಲು ಕುಡಿಯುವ ಟ್ಯಾಂಕ್ ತುಂಬಲಿ. ಅದು ತುಂಬಿ ಹೆಚ್ಚಾದದ್ದು ಸಂಪಿಗೆ ಹೋಗಲಿ. ಸಂಪೂ ತುಂಬಿದ ಮೇಲೆ ಉಳಿದದ್ದು ನೆಲಕ್ಕೆ ಇಂಗಲಿ.

ಈ ಕ್ರಮವನ್ನು ನೋಡಲು ನೀವು ದೂರ ಹೋಗಬೇಕಿಲ್ಲ. ನಿಮ್ಮ ಕೋಟೆಗೇ ಹೋಗಿ ನೋಡಿ. ಏಳು ಸುತ್ತಿನ ಕೋಟೆಯೊಳಗೆ ಬಂಡೆಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತಿತ್ತು. ಅಲ್ಲಿ ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಒಂದರ ಕೋಡಿಯೇ ಇನ್ನೊಂದರ ಒಳಹರಿವು. ಮೋಟರಿಲ್ಲ, ಕರೆಂಟಿಲ್ಲ. ಬರೀ ಇಳಿಜಾರು. ಇವತ್ತು ಅದೇ ಊರಿಗೆ ಐವತ್ತು ಕಿಲೋಮೀಟರಿಗೂ ಆಚೆಯ ಶಾಂತಿ ಸಾಗರ ಕೆರೆಯಿಂದ ಪಂಪ್ ಮಾಡಿ ನೀರು ತರಬೇಕಾಗಿದೆ. ಅಷ್ಟು ದೂರದಿಂದ ಬರುವ ನೀರನ್ನು ನಾವು ಎಷ್ಟು ಜೋಪಾನ ಮಾಡಬೇಕು ಎಂದು ಆ ಹೊಂಡಗಳ ದಂಡೆಯ ಮೇಲೆ ನಿಂತಾಗಲೆಲ್ಲ ನನಗೆ ಅನ್ನಿಸುತ್ತದೆ.

ನಿಮ್ಮ ಮನೆಯಲ್ಲೂ ಮೋಟರಿಲ್ಲದೆಯೇ ಆಗುತ್ತದೆ. ಟ್ಯಾಂಕ್ ನೆಲದ ಮೇಲೆ, ಪಕ್ಕದ ಓಣಿಯಲ್ಲೋ ಹಿತ್ತಲಲ್ಲೋ ನೆರಳಿರುವ ಕಡೆ ಇರಲಿ. ತಾರಸಿ ಹತ್ತು ಅಡಿ ಮೇಲಿದೆ, ಟ್ಯಾಂಕ್ ಎತ್ತರ ಏಳು ಅಡಿ ದಾಟುವುದಿಲ್ಲ, ನೀರು ತಾನಾಗಿ ಇಳಿಯುತ್ತದೆ. ತುಂಬಿದ ಟ್ಯಾಂಕ್ ಐದು ಟನ್ ಭಾರ. ಬರೀ ಮಣ್ಣಿನ ಮೇಲೆ ಇಡಬೇಡಿ, ಕೆಳಗೆ ಕಾಂಕ್ರೀಟ್ ಬೆಡ್ ಹಾಕಿಸಿ. ಬೆಳಕು ಒಳಗೆ ಹೋಗದ ಬಣ್ಣದ್ದೇ ತನ್ನಿ, ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಒಟ್ಟು ಖರ್ಚಿನ ಬಹುಪಾಲು ಈ ಟ್ಯಾಂಕಿಗೇ ಆಗುವುದು, ಹಾಗಾಗಿ ಇಲ್ಲಿ ಕಳಪೆ ಮಾಲು ಬೇಡ.

ಮೊದಲು ಇಳಿಯುವ ಕೊಳೆ ನೀರನ್ನು ಬೇರೆ ಮಾಡುವುದು ಇಡೀ ವ್ಯವಸ್ಥೆಯ ಜೀವಾಳ. ಮಳೆ ಶುರುವಾದಾಗ ಮೊದಲು ಬರುವ ನೀರಿನಲ್ಲಿ ತಾರಸಿಯ ದೂಳು, ಪಾರಿವಾಳದ ಹಿಕ್ಕೆ, ಎಲೆ ಎಲ್ಲ ಇರುತ್ತದೆ. ಮೊದಲ ಒಂದು ಮಿಲಿಮೀಟರ್ ಮಳೆಯನ್ನಾದರೂ ಹೊರಗೆ ಬಿಡಬೇಕು. ನಿಮ್ಮ ತಾರಸಿಗೆ ಅದು 93 ಲೀಟರ್. ಇಳಿಯುವ ಪೈಪಿಗೆ ಒಂದು ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿ, ಅದರ ಕೆಳಗೆ ಬಾಯಿ ಮುಚ್ಚಿದ ಆರು ಇಂಚಿನ ಪೈಪು ನಿಲ್ಲಿಸುತ್ತಾರೆ. ಮೊದಲ ನೀರು ಅದರಲ್ಲಿ ತುಂಬಿಕೊಳ್ಳುತ್ತದೆ, ಅದು ತುಂಬಿದ ಮೇಲೆ ಬರುವ ನೀರು ಮಾತ್ರ ಟ್ಯಾಂಕಿನ ಕಡೆ ತಿರುಗುತ್ತದೆ. ಆರು ಇಂಚಿನ ಪೈಪು ಹತ್ತು ಅಡಿ ಇದ್ದರೆ ಐವತ್ತು ಲೀಟರ್ ಚಿಲ್ಲರೆ ಹಿಡಿಯುತ್ತದೆ. ನಿಮಗೆ ಅಂಥ ಎರಡು ಬೇಕು, ಅಥವಾ 100 ಲೀಟರಿನ ಒಂದು ಡ್ರಮ್. ಕೆಳಗಿನ ಮುಚ್ಚಳಕ್ಕೆ ಸಣ್ಣ ತೂತು ಮಾಡಿಸಿ, ಹನಿಹನಿಯಾಗಿ ಸೋರಿ ಮುಂದಿನ ಮಳೆಯ ಹೊತ್ತಿಗೆ ಖಾಲಿಯಾಗಿರಲಿ. ಪ್ಲಂಬರ್‌ಗಳು ಒಂದು ಗೇಟ್ ವಾಲ್ವ್ ಹಾಕಿ, ‘ಮಳೆ ಬಂದಾಗ ಹತ್ತು ನಿಮಿಷ ಬಿಟ್ಟು ತಿರುಗಿಸಿ’ ಎಂದು ಹೇಳಿ ಹೋಗುತ್ತಾರೆ. ರಾತ್ರಿ ಎರಡು ಗಂಟೆಗೆ ಗುಡುಗು ಮಳೆ ಬಂದರೆ ಯಾರು ಎದ್ದು ಹೋಗುತ್ತಾರೆ? ಮನುಷ್ಯರ ನೆನಪನ್ನು ನಂಬಿಕೊಂಡ ವ್ಯವಸ್ಥೆ ಎರಡನೇ ವರ್ಷ ನಿಂತುಹೋಗುತ್ತದೆ. ತಾನೇ ಕೆಲಸ ಮಾಡುವ ಪೈಪೇ ಇರಲಿ.

ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಮಾತು ಬೇರೆ. ಆರು ತಿಂಗಳ ದೂಳು ಕೂತಿರುತ್ತದೆ. ವರ್ಷದ ಮೊದಲ ಮಳೆಯನ್ನು ಪೂರ್ತಿ ತಾರಸಿ ತೊಳೆಯಲು ಬಿಟ್ಟುಬಿಡಿ. ಅದಕ್ಕೂ ಮೊದಲು ಒಮ್ಮೆ ಗುಡಿಸಿ.

ಫಿಲ್ಟರ್ ಬಗ್ಗೆ ಅಂಗಡಿಯವರು ಬಹಳ ಹೇಳುತ್ತಾರೆ. ಡ್ರಮ್ಮಿನಲ್ಲಿ ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಜಾಲರಿ, ಮೇಲೆ ತೊಳೆದ ದಪ್ಪ ಮರಳು ಹಾಕಿದರೆ ಮನೆಗೆ ಸಾಕು. ಕಾರ್ಖಾನೆಯ ಫಿಲ್ಟರ್ ಬೇಕೆಂದರೆ ಅದೂ ಆಗುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯವರು ಇದಕ್ಕೆಂದೇ ಪಾಪ್‌ಅಪ್ ಫಿಲ್ಟರ್ ರೂಪಿಸಿದ್ದಾರೆ. ಯಾವುದೇ ಆದರೂ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬಿಚ್ಚಿ ತೊಳೆಯಲೇಬೇಕು. ತೊಳೆಯದ ಮರಳು ತಾನೇ ಕೊಳೆಯ ತವರಾಗುತ್ತದೆ. ಬಿಚ್ಚಿ ತೊಳೆಯುವ ವ್ಯವಧಾನ ಇಲ್ಲವೆಂದರೆ ಮರಳು ಬಿಟ್ಟು ಬರೀ ಸ್ಟೀಲ್ ಜಾಲರಿ ಹಾಕಿಸಿ ಎಂದೇ ನಾನು ಹೇಳುತ್ತೇನೆ.

ನಿಮ್ಮ ತಾರಸಿಯಲ್ಲಿ ಒಂದು ವಿಷಯ ಪರೀಕ್ಷಿಸಿ. ವಾಷಿಂಗ್ ಮಷಿನ್ ಮೇಲೆ ಇದೆಯಾ? ಬಟ್ಟೆ ಒಗೆಯುವ ಕಲ್ಲು ಇದೆಯಾ? ಇದ್ದರೆ ಆ ನೀರು ಮಳೆ ಪೈಪಿಗೇ ಇಳಿಯುತ್ತಿರಬಹುದು. ಎಷ್ಟೋ ಮನೆಗಳಲ್ಲಿ ಹೀಗೇ ಇದೆ. ಅದನ್ನು ಬೇರೆ ಪೈಪಿಗೆ ಹಾಕಿಸದೆ ಮಳೆ ನೀರಿನ ಕೆಲಸ ಶುರು ಮಾಡಬೇಡಿ. ಪಕ್ಕದಲ್ಲಿ ಸಿಮೆಂಟ್ ಶೀಟಿನ ಮಾಡು ಇದ್ದರೆ ಅದರ ನೀರನ್ನು ಕುಡಿಯುವ ಟ್ಯಾಂಕಿಗೆ ಸೇರಿಸಬೇಡಿ, ಹಳೆಯ ಶೀಟುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ.

ಟ್ಯಾಂಕಿನ ಪ್ರತಿ ಬಾಯಿಗೂ ಸೊಳ್ಳೆ ನುಸುಳದಷ್ಟು ಸಣ್ಣ ಜಾಲರಿ ಬೇಕು. ಓವರ್‌ಫ್ಲೋ ಪೈಪಿಗೂ ಬೇಕು, ಅದನ್ನೇ ಎಲ್ಲರೂ ಮರೆಯುವುದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ಶುದ್ಧ ನೀರಿನಲ್ಲೇ. ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ.

ಕುಡಿಯುವ ಮುಂಚೆ ಈ ನೀರನ್ನು ಕುದಿಸಿ. ಇಲ್ಲಿ ಫ್ಲೋರೈಡ್ ಚಿಂತೆ ಇಲ್ಲ, ಕುದಿಸುವುದು ರೋಗಾಣುವಿಗೆ. ಇಡೀ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವುದಾದರೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು ಒಂದು ಗಂಟೆ ಬಿಡಿ. ಎಚ್‌2ಎಸ್ ಬಾಟಲಿ ಎಂದು ಅಗ್ಗದ ಪರೀಕ್ಷಾ ಬಾಟಲಿ ಸಿಗುತ್ತದೆ. ಗುರುತಿನವರೆಗೆ ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಗಾದರೆ ಆ ನೀರಿನಲ್ಲಿ ಮಲದ ಸೋಂಕು ಇದೆ ಎಂದು ಅನುಮಾನಿಸಬೇಕು. ವರ್ಷಕ್ಕೊಮ್ಮೆ ಮಾಡಿ ನೋಡಿ.

ಇನ್ನು ಇಂಗಿಸುವುದು. ಟ್ಯಾಂಕ್, ಸಂಪು ಎರಡೂ ತುಂಬಿ ಹೆಚ್ಚಾದ ಮಳೆ ನೀರಿಗೆ ಮಾತ್ರ ಒಂದು ಇಂಗುಬಾವಿ ಮಾಡಿಸಿ. ಮೂರು ಅಡಿ ಅಗಲದ ಸಿಮೆಂಟ್ ರಿಂಗುಗಳನ್ನು ಹತ್ತರಿಂದ ಹದಿನೈದು ಅಡಿ ಆಳಕ್ಕೆ ಇಳಿಸಿ, ತಳದಲ್ಲಿ ಜಲ್ಲಿ ತುಂಬಿಸಿದರೆ ಆಯಿತು. ರಿಂಗುಗಳ ನಡುವೆ ಸಿಮೆಂಟ್ ಮೆತ್ತಬಾರದು, ನೀರು ಸಂದಿಯಲ್ಲೇ ಹೋಗಬೇಕು. ಮೇಲೆ ಭದ್ರವಾದ ಮುಚ್ಚಳ ಇರಲಿ, ಮಕ್ಕಳಿರುವ ಮನೆ. ಬೋರ್‌ವೆಲ್ಲಿನ ಕೇಸಿಂಗ್ ಪೈಪಿಗೇ ತೂತು ಕೊರೆದು ನೀರು ಇಳಿಸುವ ಪದ್ಧತಿಯೂ ಇದೆ. ಹೊಲಗಳಲ್ಲಿ, ಬತ್ತಿದ ಬೋರುಗಳಿಗೆ ಅದು ಒಳ್ಳೆಯದು. ಇಕ್ಕಟ್ಟಾದ ಸೈಟಿನಲ್ಲಿ, ದಿನವೂ ಬಳಸುವ ಬೋರಿಗೆ ನಾನು ಅದನ್ನು ಹೇಳುವುದಿಲ್ಲ. ಒಮ್ಮೆ ಚರಂಡಿ ಕಟ್ಟಿ ಅಂಗಳದ ಕೊಳೆ ನೀರು ಆ ಗುಂಡಿಗೆ ನುಗ್ಗಿದರೆ ಬೋರ್ ಹಾಳಾಗುತ್ತದೆ.

ಈಗ ಬಚ್ಚಲ ನೀರಿಗೆ ಬರೋಣ. ನಿಮಗೆ ಆಶ್ಚರ್ಯವಾಗಬಹುದು, ನಿಮ್ಮ ಮನೆಯ ಬಚ್ಚಲ ನೀರು ನಿಮ್ಮ ತಾರಸಿಯ ಮಳೆಗಿಂತ ಜಾಸ್ತಿ. ಐದು ಜನರ ಸ್ನಾನ, ಬಟ್ಟೆ ಸೇರಿದರೆ ದಿನಕ್ಕೆ 250 ಲೀಟರ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 90 ಸಾವಿರ ಲೀಟರ್ ದಾಟಿತು. ಅದೂ ಮಳೆಯ ಹಾಗೆ ಕೈ ಕೊಡುವುದಿಲ್ಲ. ಬರಗಾಲ ಬರಲಿ, ಏಪ್ರಿಲ್ ಬಿಸಿಲು ಸುಡಲಿ, ಬೆಳಿಗ್ಗೆ ಸ್ನಾನ ಆದ ಕೂಡಲೇ ಬರುತ್ತದೆ.

ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಹಿಂದೆ ಬಚ್ಚಲ ಮೋರಿಯ ಬಾಯಿಗೇ ಬಾಳೆ, ಕೆಸುವು ಹಾಕುತ್ತಿದ್ದರು, ಸೊಂಪಾಗಿ ಬೆಳೆಯುತ್ತಿತ್ತು. ಆಗ ತಲೆಗೆ ಸೀಗೆಕಾಯಿ, ಮೈಗೆ ಕಡ್ಲೆಹಿಟ್ಟು. ಈಗ ಬಟ್ಟೆ ಪುಡಿಯಲ್ಲಿ ಸೋಡಾ, ಉಪ್ಪು ತುಂಬಿರುತ್ತದೆ. ಅದರಲ್ಲಿರುವ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸಿ ಹಾಕುತ್ತದೆ. ಮಣ್ಣು ನೆನೆದಾಗ ಅಂಟು, ಒಣಗಿದಾಗ ಕಲ್ಲು. ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಕೆಂಪು ಮಣ್ಣು ಸ್ವಲ್ಪ ತಡೆದುಕೊಳ್ಳುತ್ತದೆ. ಎರೆ ಮಣ್ಣಿನಲ್ಲಿ ಇದು ಬೇಗ ಆಗುತ್ತದೆ, ದಾವಣಗೆರೆ ಕಡೆಯ ಎರೆ ನೆಲದವರು ಹೆಚ್ಚು ಹುಷಾರಾಗಿರಬೇಕು. ಮಲೆನಾಡಿನಲ್ಲಾದರೆ ಮಳೆಗಾಲದಲ್ಲಿ ಉಪ್ಪೆಲ್ಲ ತೊಳೆದುಹೋಗುತ್ತದೆ. ನಮ್ಮ ಮಳೆಗೆ ಅಷ್ಟು ಶಕ್ತಿ ಇಲ್ಲ, ಉಪ್ಪು ಅಲ್ಲೇ ಕೂಡುತ್ತಾ ಹೋಗುತ್ತದೆ. ಬೇರೆ ಊರಿನ ಯಶಸ್ಸಿನ ಕಥೆಗಳನ್ನು ನೋಡಿ ಹಾಗೇ ಮಾಡಬಾರದು ಎನ್ನುವುದು ಇದಕ್ಕೇ.

ಹಾಗಾಗಿ ಬರೀ ಸ್ನಾನದ ನೀರಿನಿಂದ ಶುರು ಮಾಡಿ. ಅದರಲ್ಲಿ ಸೋಪು ಕಡಿಮೆ, ನೀರು ಜಾಸ್ತಿ. ಬಟ್ಟೆಯ ನೀರಿನಲ್ಲಿ ಮೊದಲ ನೊರೆ ನೀರನ್ನು ಯುಜಿಡಿಗೆ, ಅಂದರೆ ಒಳಚರಂಡಿಗೆ ಬಿಡಿ. ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಶೌಚಾಲಯಕ್ಕೆ ಸುರಿಯಿರಿ. ಒಂದು ಫ್ಲಶ್ಶಿಗೆ ಆರರಿಂದ ಹತ್ತು ಲೀಟರ್ ಒಳ್ಳೆಯ ನೀರು ಹೋಗುತ್ತಿರುವಾಗ ಇದು ಸಣ್ಣ ಉಳಿತಾಯ ಅಲ್ಲ. ಪಾತ್ರೆ ತೊಳೆದ ನೀರು ಬೇಡ. ಅದರ ಎಣ್ಣೆ, ಅನ್ನದ ಅಗುಳು ಎರಡೇ ದಿನದಲ್ಲಿ ನಾತ ಹಿಡಿಸುತ್ತದೆ, ಇಲಿ ಹೆಗ್ಗಣ ಕರೆಯುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರನ್ನು ಮಾತ್ರ ಬೇರೆ ಹಿಡಿದು ಕುಂಡಗಳಿಗೆ ಹಾಕಿ. ಮಲ್ಲಿಗೆ, ಗುಲಾಬಿ ಕುಂಡಕ್ಕೆ ಬಚ್ಚಲ ನೀರು ಹಾಕಲೇಬೇಡಿ. ಕುಂಡದ ಹಿಡಿ ಮಣ್ಣಿನಲ್ಲಿ ಉಪ್ಪು ಬೇಗ ಕೂಡಿ, ಅತ್ತೆಯವರು ಹೇಳಿದ ಹಾಗೇ ಎಲೆಯ ಅಂಚು ಸುಡುತ್ತದೆ.

ಬಚ್ಚಲ ಪೈಪು ಎಲ್ಲಿ ಹೋಗುತ್ತದೆ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಹೊರಗಿನ ಚೇಂಬರ್‌ಗಳ ಮುಚ್ಚಳ ತೆಗೆದಿಟ್ಟು, ಬಚ್ಚಲಿಗೆ ಒಂದು ಬಕೆಟ್ ಅರಿಶಿನದ ನೀರು ಸುರಿಯಿರಿ. ಹಳದಿ ನೀರು ಯಾವ ಚೇಂಬರಿನಲ್ಲಿ ಕಾಣಿಸುತ್ತದೋ ನೋಡಿ. ಶೌಚಾಲಯದ ಪೈಪು ಸೇರುವ ಮೊದಲೇ ಕಾಣಿಸಿದರೆ ಕೆಲಸ ಸುಲಭ, ಅಲ್ಲಿಂದಲೇ ಕವಲು ತೆಗೆಯಬಹುದು. ಎರಡೂ ನೆಲದೊಳಗೇ ಸೇರಿದ್ದರೆ ಆ ಬಚ್ಚಲನ್ನು ಬಿಟ್ಟುಬಿಡಿ. ಶೌಚಾಲಯದ ನೀರು ಒಂದು ಹನಿ ಬೆರೆತರೂ ಗಿಡಕ್ಕೆ ಬೇಡ.

ಕವಲಿನಲ್ಲಿ ಎರಡು ವಾಲ್ವ್ ಹಾಕಿಸಿ. ಒಂದು ಹಿತ್ತಲಿಗೆ, ಒಂದು ಯುಜಿಡಿಗೆ. ಮಳೆಗಾಲದಲ್ಲಿ ನೆಲ ಹಸಿಯಾಗಿದ್ದಾಗ ಯುಜಿಡಿಯದ್ದು ತೆರೆಯಿರಿ. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿದ್ದರೆ, ಮಗುವಿನ ಕಕ್ಕದ ಬಟ್ಟೆ ತೊಳೆದಿದ್ದರೆ, ತಲೆಗೆ ಡೈ ಹಚ್ಚಿದ ದಿನ, ಬಚ್ಚಲಿಗೆ ಆ್ಯಸಿಡ್ ಹಾಕಿ ಉಜ್ಜಿದ ದಿನ ಕೂಡ ಅದನ್ನೇ ತೆರೆಯಿರಿ.

ಹಿತ್ತಲಲ್ಲಿ ಆಳದ ಗುಂಡಿ ಬೇಡ, ಮೇಲ್ಮೇಲಿನ ಪಾತಿ ಸಾಕು. ತೆಂಗಿನ ಬುಡದಿಂದ ನಾಲ್ಕು ಅಡಿ ದೂರದಲ್ಲಿ ಸುತ್ತ ಒಂದು ಅಡಿ ಆಳದ ಕಾಲುವೆ ತೆಗೆಯಿರಿ. ಬಾಳೆಗೂ ಒಂದು ಅಂಥದೇ ಪಾತಿ. ಅದಕ್ಕೆ ತೆಂಗಿನ ಸಿಪ್ಪೆ, ಒಣಗಿದ ಎಲೆ, ಶೇಂಗಾ ಸಿಪ್ಪೆ ತುಂಬಿ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಹತ್ತಿರ ಇರುವ ನಿಮಗೆ ಶೇಂಗಾ ಸಿಪ್ಪೆಗೆ ಬರವಿಲ್ಲ. ಪೈಪಿನ ಬಾಯಿಯನ್ನು ಈ ಸಿಪ್ಪೆಯ ಒಳಗೆ, ತಳ ಒಡೆದ ಒಂದು ಹಳೇ ಮಡಕೆ ಬೋರಲು ಹಾಕಿ ಅದರಡಿ ಬಿಡಿ. ನೀರು ಕಣ್ಣಿಗೆ ಕಾಣಬಾರದು, ನಿಲ್ಲಬಾರದು. ಕಾಣಿಸದೆ ಇಂಗಿದರೆ ಸೊಳ್ಳೆಯೂ ಇಲ್ಲ, ವಾಸನೆಯೂ ಇಲ್ಲ. ಸಿಪ್ಪೆಯ ಕೆಳಗಿನ ಮಣ್ಣಿನ ಜೀವಿಗಳು ಸೋಪನ್ನು ತಿಂದು ಮುಗಿಸುತ್ತವೆ. ಸಿಪ್ಪೆ ಕರಗಿ ಗೊಬ್ಬರವಾದ ಹಾಗೆ ಮೇಲೆ ಹೊಸದು ಹಾಕುತ್ತಿರಿ. ಪಾತಿಯನ್ನು ಬೋರ್‌ವೆಲ್ಲಿನಿಂದ, ಸಂಪಿನಿಂದ ಆದಷ್ಟು ದೂರ ಇಡಿ, ಹಿತ್ತಲಿನ ಆಚೆ ತುದಿಯಲ್ಲಿ.

ಬೇಸಿಗೆಯಲ್ಲಿ ಫಲ ಬಿಡುವ ತೆಂಗು ದಿನಕ್ಕೆ 50 ಲೀಟರ್ ಕುಡಿಯುತ್ತದೆ. ಬಾಳೆ ತಲಾ 15 ಲೀಟರ್. ಅಲ್ಲಿಗೆ 110 ಲೀಟರ್ ಆಯಿತು. ಒಂದು ಪಪ್ಪಾಯಿ, ಒಂದು ಕರಿಬೇವು, ಬೇಲಿ ಬದಿಗೆ ಕಾಬಾಳೆ ಹಾಕಿದರೆ ನಿಮ್ಮ ಸ್ನಾನದ ನೀರಿಗೆ ಸರಿಹೋಗುತ್ತದೆ. ಕೊತ್ತಂಬರಿ, ಮೆಂತ್ಯ, ಮೂಲಂಗಿ, ಕ್ಯಾರೆಟ್ ಈ ಪಾತಿಯಲ್ಲಿ ಬೇಡ. ನೀರು ತಾಗುವ ಸೊಪ್ಪು, ಗಡ್ಡೆಯನ್ನು ನಾವು ಹಸಿಯಾಗಿಯೂ ತಿನ್ನುತ್ತೇವೆ. ಬಚ್ಚಲ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಸಂಜೆ ಹಾಕೋಣ ಎಂದುಕೊಳ್ಳಬೇಡಿ. ಒಂದು ದಿನ ದಾಟಿದರೆ ಕೊಳೆತು ಕಪ್ಪಾಗುತ್ತದೆ, ರೋಗಾಣು ಹೆಚ್ಚುತ್ತದೆ.

ಎರಡು ಪಾತಿ ಹೇಳಿದ್ದಕ್ಕೂ ಕಾರಣ ಇದೆ. ಎರಡು ಮೂರು ತಿಂಗಳಿಗೊಮ್ಮೆ ಒಂದಕ್ಕೆ ಬಿಡುವು ಕೊಟ್ಟು, ಬಚ್ಚಲ ನೀರು ಬಿಡದೆ, ಮಳೆಗೆ ತೆರೆದಿಡಿ. ಆದರೂ ಮಣ್ಣು ಗಟ್ಟಿಯಾಗಿ ನೀರು ಮೇಲೇ ನಿಲ್ಲಲು ಶುರುವಾದರೆ ಜಿಪ್ಸಂ ಹಾಕಬೇಕು. ಶೇಂಗಾ ಬೆಳೆಯುವ ರೈತರು ಬಳಸುವ ಅದೇ ಜಿಪ್ಸಂ. ಚದರ ಮೀಟರಿಗೆ ಒಂದೆರಡು ಹಿಡಿ ಹಾಕಿ ಕೆದಕಿ, ಮಳೆ ನೀರು ಬಿಡಿ. ಮಣ್ಣು ಮತ್ತೆ ಬಿಡಿಬಿಡಿಯಾಗುತ್ತದೆ. ಬಟ್ಟೆಗೆ ಪುಡಿಯ ಬದಲು ದ್ರವದ ಸೋಪು ಬಳಸಿದರೂ ಉಪ್ಪಿನ ಹೊರೆ ಇಳಿಯುತ್ತದೆ. ಸಂಪಿಗೆ ಮಳೆ ನೀರು ಸೇರಿದ ತಿಂಗಳುಗಳಲ್ಲಿ ನೀವೇ ಗಮನಿಸಿ, ಮೆದು ನೀರಿನಲ್ಲಿ ಕಡಿಮೆ ಸೋಪಿಗೇ ನೊರೆ ಬರುತ್ತದೆ.

ಉಳಿದದ್ದು ಆರ್‌ಒ ನೀರು. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಹಾಕುವುದು ಆ ಯಂತ್ರದ ಗುಣ. ನಿಮ್ಮ ಹೊಟ್ಟೆ ಉರಿಯುವುದು ಸಹಜ. ಆದರೆ ಬೋರ್ ನೀರಿನಲ್ಲಿದ್ದ ಫ್ಲೋರೈಡ್, ಉಪ್ಪು ಎಲ್ಲ ಆ ಹೊರಗೆ ಬರುವ ನೀರಿನಲ್ಲೇ ಗಟ್ಟಿಯಾಗಿ ಸೇರಿರುತ್ತದೆ. ಅದನ್ನು ಗಿಡಕ್ಕೆ ಹಾಕಬೇಡಿ, ಬೀದಿಯ ದನಕ್ಕೆ ಕುಡಿಯಲು ಇಡಬೇಡಿ, ಇಂಗುಬಾವಿಗೂ ಬಿಡಬೇಡಿ. ಸಿಂಕಿನ ಕೆಳಗೆ ಒಂದು ಕ್ಯಾನ್ ಇಟ್ಟು ಹಿಡಿದು, ನೆಲ ಒರೆಸಲು, ಶೌಚಾಲಯಕ್ಕೆ, ಗಾಡಿ ತೊಳೆಯಲು ಬಳಸಿ. ಮಳೆ ಟ್ಯಾಂಕ್ ತುಂಬಿದ ಮೇಲೆ ಆರ್‌ಒ ಯಂತ್ರವನ್ನು ಆರು ತಿಂಗಳು ಆಫ್ ಮಾಡಬಹುದು. ಮತ್ತೆ ಶುರು ಮಾಡುವಾಗ ಮಾತ್ರ ಸರ್ವಿಸ್ ಮಾಡಿಸಿಯೇ ಕುಡಿಯಿರಿ, ಬಳಸದೆ ನಿಂತ ಯಂತ್ರದ ಸೋಸುವ ಪೊರೆಯಲ್ಲಿ ರೋಗಾಣು ಬೆಳೆದಿರುತ್ತದೆ.

ಟ್ಯಾಂಕ್, ಪೈಪಿನ ಕೆಲಸ ಆಗಸ್ಟ್ ಒಳಗೆ ಮುಗಿಸಿ, ಉತ್ತರೆ ಮಳೆ ಕೈತಪ್ಪುವುದು ಬೇಡ. ಬಾಳೆಯ ಪಾತಿಗೆ ಮುಹೂರ್ತ ಬೇಕಿಲ್ಲ, ಈ ಭಾನುವಾರವೇ ಗುದ್ದಲಿ ಹಿಡಿಯಬಹುದು.